ಮಂಗಳವಾರದ ಪಿಂಟು

ಬೇಸಿಗೆ ಬಂತೆಂದರೆ ಊರಿಂದ ಲಂಡನ್ನಿಗೆ ಬರುವವರ ಫೋನಿನಲ್ಲಿ ಎರಡು ಪಟ್ಟಿಗಳಿರುತ್ತವೆ. ಒಂದು ನೋಡಬೇಕಾದ ಜಾಗಗಳದ್ದು, ಇನ್ನೊಂದು ಕುಡಿಯಬೇಕಾದ ಪಬ್ಬುಗಳದ್ದು. ಮೊದಲನೆಯದರ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ. ಜಗಳ ಶುರುವಾಗುವುದು ಎರಡನೆಯದರಲ್ಲೇ: ಯಾವ ಪಬ್ ಅತ್ಯುತ್ತಮ, ಯಾವುದು ಬರೀ ಸದ್ದು. ಕೆನ್ಸಿಂಗ್ಟನ್ನಿನ ಚರ್ಚಿಲ್ ಆರ್ಮ್ಸ್‌ಗೆ ಸಮ ಇಲ್ಲ ಎಂದು ಒಬ್ಬ, ಅಲ್ಲಿರುವುದು ಹೂಕುಂಡ ಮಾತ್ರ ಎಂದು ಇನ್ನೊಬ್ಬಳು. ಹೋದ ವಾರ ಇಂಥದೇ ಒಂದು ಜಗಳ ಹಿತ್ತಲಲ್ಲಿ ನಡೆಯುತ್ತಿದ್ದಾಗ ಬೇಲಿಯಾಚೆಗೆ ಗುಲಾಬಿ ಗಿಡ ಸವರುತ್ತಿದ್ದ ಪಕ್ಕದ ಮನೆಯ ಹಿರಿಯರು ತಲೆಯೆತ್ತಿದರು. ಪಬ್ಬೊಂದರ ನೆಲಮಾಳಿಗೆಯನ್ನು ಮೂವತ್ತು ವರ್ಷ ನೋಡಿಕೊಂಡು ನಿವೃತ್ತರಾದವರು.

"ಇದೆಲ್ಲ ಶನಿವಾರದ ಪಟ್ಟಿ. ಮಂಗಳವಾರ ಮಧ್ಯಾಹ್ನ ಇವುಗಳಲ್ಲಿ ಯಾವುದಕ್ಕೆ ಹೋಗ್ತೀರಿ, ಅದನ್ನ ಹೇಳಿ."

ನಮ್ಮ ಕಡೆ ಮಂಗಳವಾರ ಕ್ಷೌರಕ್ಕೂ ಆಗಿಬರುವುದಿಲ್ಲ. ಆದರೆ ಅವರ ಮಂಗಳವಾರದ ಹಿಂದೆ ಇರುವುದು ಪಂಚಾಂಗವಲ್ಲ, ಲೆಕ್ಕ.

ಇಂಗ್ಲೆಂಡಿನ ಪಬ್ಬಿನಲ್ಲಿ ಬಿಯರ್ ಎರಡು ಬಗೆಯಲ್ಲಿ ಬರುತ್ತದೆ. ಕೆಗ್ ಬಿಯರನ್ನು ಸಾಮಾನ್ಯವಾಗಿ ಸೋಸಿ, ಅನಿಲದ ಒತ್ತಡದಲ್ಲಿ ಉಕ್ಕಿನ ಡಬ್ಬಕ್ಕೆ ತುಂಬಿರುತ್ತಾರೆ. ನಲ್ಲಿ ತಿರುಗಿಸಿದರೆ ಬರುತ್ತದೆ. ಬೆಂಗಳೂರಿನ ಡ್ರಾಟ್ ಬಹುಪಾಲು ಇದೇ ಜಾತಿಯದು. ಇನ್ನೊಂದು ಕಾಸ್ಕ್ ಏಲ್. ಇದನ್ನು ಸೋಸುವುದಿಲ್ಲ, ಹುದುಗಿದ ಮೇಲೆ ಬಿಸಿ ಮಾಡಿ ಕ್ರಿಮಿ ಕೊಲ್ಲುವುದಿಲ್ಲ. ಪಬ್ಬಿಗೆ ಬಂದ ಮೇಲೂ ಪೀಪಾಯಿಯೊಳಗೆ ಯೀಸ್ಟ್ ಕೆಲಸ ಮಾಡುತ್ತಲೇ ಇರುತ್ತದೆ. ದೋಸೆ ಹಿಟ್ಟನ್ನು ನೆನೆಸಿಕೊಂಡರೆ ಸಾಕು: ಉಬ್ಬುವ ಮೊದಲು ಹುಯ್ದರೆ ರುಚಿಯಿಲ್ಲ, ಹದಕ್ಕೆ ಬಂದಾಗ ಅಮೃತ, ಆಮೇಲೆ ಹುಳಿ. 1970ರ ಹೊತ್ತಿಗೆ ಕೆಗ್ ಬಿಯರ್ ಇದನ್ನು ಹೊರದಬ್ಬುತ್ತಿತ್ತು. ಅದನ್ನು ಉಳಿಸಿಕೊಳ್ಳಲೆಂದೇ 1971ರಲ್ಲಿ ಕ್ಯಾಮ್ರಾ ಎಂಬ ಗ್ರಾಹಕರ ಸಂಘ ಹುಟ್ಟಿತು.

ಮಾಮೂಲಿ ಪೀಪಾಯಿಯ ಹೆಸರು ಫರ್ಕಿನ್. ಅಳತೆ 9 ಗ್ಯಾಲನ್, ಅಂದರೆ 72 ಪಿಂಟ್, ಸುಮಾರು 41 ಲೀಟರ್. ಬಂದ ಪೀಪಾಯಿಯನ್ನು ಚೌಕಟ್ಟಿನ ಮೇಲೆ ಅಡ್ಡ ಮಲಗಿಸಿ, ಅಲುಗದಂತೆ ಬೆಣೆ ಕೊಡುತ್ತಾರೆ. ಮೇಲ್ಭಾಗದ ಬಿರಡೆಯಲ್ಲಿ ಮೆತ್ತನೆ ಮರದ ಗೂಟವೊಂದನ್ನು ಬಡಿದಾಗ ಒಳಗಿನ ಅನಿಲ ಬುಸ್ಸೆಂದು ನೊರೆಯ ಸಮೇತ ಹೊರಬರುತ್ತದೆ. ಉಕ್ಕುವುದು ನಿಂತ ಮೇಲೆ ಮೆತ್ತನೆ ಗೂಟ ತೆಗೆದು ಗಟ್ಟಿ ಗೂಟ. ಆಮೇಲೆ ಒಂದೆರಡು ದಿನ ಅದನ್ನು ಮುಟ್ಟುವಂತಿಲ್ಲ, ಗಸಿ ಕೆಳಗಿಳಿಯಬೇಕು. ನೆಲಮಾಳಿಗೆ 11ರಿಂದ 13 ಡಿಗ್ರಿಯಲ್ಲಿರಬೇಕು. ಅದಕ್ಕಿಂತ ತಣ್ಣಗಾದರೆ ಬಿಯರ್ ಮಂಕಾಗಿ ಉಳಿಯುತ್ತದೆ, ಬೆಚ್ಚಗಾದರೆ ಬೇಗ ಹುಳಿಯುತ್ತದೆ. "ಬ್ರಿಟಿಷರು ಬಿಸಿ ಬಿಯರ್ ಕುಡೀತಾರೆ" ಎಂಬ ನಮ್ಮ ತಮಾಷೆಯ ಮೂಲ ಈ 12 ಡಿಗ್ರಿ. ಬಿಸಿಯೇನಲ್ಲ, ಮಣ್ಣಿನ ಹೂಜಿಯ ತಂಪು. ಐಸಿನಷ್ಟು ತಣ್ಣಗೆ ಕೊಟ್ಟರೆ ನಾಲಿಗೆಗೆ ಒಳ್ಳೆಯದೂ ತಿಳಿಯುವುದಿಲ್ಲ, ಕೆಟ್ಟದ್ದೂ ತಿಳಿಯುವುದಿಲ್ಲ.

ಎಡವುವುದು ಬಡಿಸಲು ಶುರುಮಾಡಿದ ಮೇಲೆ. ಕೈಪಂಪಿನಿಂದ ಒಂದೊಂದು ಪಿಂಟ್ ಮೇಲಕ್ಕೆ ಎಳೆದಾಗಲೂ ಅಷ್ಟೇ ಗಾಳಿ ಪೀಪಾಯಿಯೊಳಕ್ಕೆ ಹೋಗುತ್ತದೆ. ಪಬ್ ತೆರೆದಿರುವಾಗ ಗೂಟ ಸಡಿಲಿಸಿರಬೇಕು, ಇಲ್ಲದಿದ್ದರೆ ಪಂಪು ಎಳೆಯುವುದಿಲ್ಲ. ರಾತ್ರಿ ಬಿಗಿಯಬೇಕು, ಮರೆತರೆ ಬೆಳಗಿನ ಹೊತ್ತಿಗೆ ಬಿಯರ್ ಸಪ್ಪೆ. ಅರ್ಧಕ್ಕಿಂತ ಕೆಳಗಿಳಿದ ಪೀಪಾಯಿಯನ್ನು ಮುಂದಕ್ಕೆ ವಾಲಿಸುವಾಗ ಕೈ ಜೋರಾದರೆ ಗಸಿಯೆಲ್ಲ ಎದ್ದು ಎರಡು ದಿನದ ಕೆಲಸ ಹಾಳು. ಎಲ್ಲ ಸರಿಯಾಗಿ ಮಾಡಿದರೂ ತೆರೆದ ಪೀಪಾಯಿಗೆ ಆಯಸ್ಸು ಸುಮಾರು ಮೂರು ದಿನ. ಆಮೇಲೆ ಮೊದಲು ಸಪ್ಪೆ, ನಂತರ ಹಸಿ ರಟ್ಟಿನ ವಾಸನೆ, ಕೊನೆಗೆ ವಿನಿಗರ್.

72ನ್ನು ಮೂರರಿಂದ ಭಾಗಿಸಿದರೆ ದಿನಕ್ಕೆ 24 ಪಿಂಟ್. ಒಂದು ಪಂಪಿಗೆ ಒಂದು ಪೀಪಾಯಿ, ಹಾಗಾಗಿ ಪಂಪಿಗೆ ಇಷ್ಟು ಖರ್ಚಾಗಬೇಕು. ಎಂಟು ಕೈಪಂಪು ಸಾಲಾಗಿ ನಿಲ್ಲಿಸಿಕೊಂಡ ಪಬ್ ದಿನಕ್ಕೆ 192 ಪಿಂಟ್ ಕಾಸ್ಕ್ ಮಾರಬೇಕು. ಶುಕ್ರವಾರ ಶನಿವಾರ ಅದು ಕಷ್ಟವಲ್ಲ. ಭಾನುವಾರದ ಊಟದ ಜೊತೆಗೂ ಒಂದಿಷ್ಟು ಹೋಗುತ್ತದೆ. ಸೋಮವಾರ ಊರು ಖಾಲಿ. ಶನಿವಾರ ತೆರೆದು ಅರ್ಧ ಉಳಿದ ಪೀಪಾಯಿಯ ಮುಂದೆ ಮಂಗಳವಾರ ಮಧ್ಯಾಹ್ನ ಎರಡೇ ದಾರಿ: ಚರಂಡಿಗೆ ಸುರಿಯುವುದು, ಇಲ್ಲವೇ ಗಿರಾಕಿಗೆ ಸುರಿಯುವುದು.

ಒಳ್ಳೆ ಪಬ್ಬಿನಲ್ಲಿ ಆ ದಿನ ಒಂದೆರಡು ಪಂಪಿನ ಹೆಸರಿನ ಬಿಲ್ಲೆ ಹಿಂದುಮುಂದಾಗಿ ತಿರುಗಿರುತ್ತದೆ. ಆ ಬಿಯರ್ ಈಗ ಇಲ್ಲ ಎಂದರ್ಥ. ಪ್ರವಾಸಿಗಳು ಇದನ್ನು ಕೊರತೆ ಎಂದು ಬರೆದು ಎರಡು ನಕ್ಷತ್ರ ಕೊಡುತ್ತಾರೆ. ಆದರೆ ಅದು ಅಂಗಡಿಯವನು ನಷ್ಟವನ್ನು ತಾನೇ ನುಂಗಿದ್ದಕ್ಕೆ ಸಾಕ್ಷಿ. ಜನವಿಲ್ಲದ ಪಬ್ಬಿನಲ್ಲಿ ಎಂಟಕ್ಕೆ ಎಂಟೂ ಮುಂದಕ್ಕೆ ನೋಡುತ್ತಿದ್ದರೆ ಅರ್ಧ ಪಿಂಟ್ ಮಾತ್ರ ಕೇಳಿ.

ಹೋಗುವವರಿಗೆ ಒಂದಿಷ್ಟು ಹೇಳಿಬಿಡುತ್ತೇನೆ. ಬಾಗಿಲು ತೆರೆದ ಕೂಡಲೇ ಮೊದಲ ಪಿಂಟ್ ಬೇಡ. ರಾತ್ರಿಯಿಡೀ ಕೊಳವೆಯಲ್ಲಿ ನಿಂತ ಬಿಯರನ್ನು ಎಳೆದು ಚೆಲ್ಲಬೇಕು, ಎಲ್ಲರೂ ಚೆಲ್ಲುವುದಿಲ್ಲ. ಕೊಳವೆಗಳನ್ನು ವಾರಕ್ಕೊಮ್ಮೆ ತೊಳೆಯುವುದು ಪದ್ಧತಿ, ಯಾವತ್ತು ತೊಳೆದಿರಿ ಎಂದು ಕೇಳಿದರೆ ಒಳ್ಳೆಯವರು ಬೇಸರಿಸುವುದಿಲ್ಲ. ಕಾಸ್ಕ್ ಬಿಯರಿನ ರುಚಿ ನೋಡಲು ಗುಟುಕು ಕೇಳಬಹುದು, ಆದರೆ ಹಿಂದೆ ಜನ ಕಾಯುತ್ತಿರುವಾಗ ನಾಲ್ಕು ಗುಟುಕು ಕೇಳಬಾರದು. ಪಿಂಟ್ ಎಂದರೆ 568 ಮಿ.ಲೀ.; ನೊರೆ ತೀರಾ ಹೆಚ್ಚಿದ್ದರೆ ತುಂಬಿಸಿ ಕೊಡಿ ಎನ್ನುವುದು ಜಗಳವಲ್ಲ. ಹುಳಿಯಾಗಿದ್ದರೆ ಒಂದೆರಡು ಗುಟುಕಿನಲ್ಲೇ ವಾಪಸ್ ಕೊಡಿ, ಮುಕ್ಕಾಲು ಕುಡಿದ ಮೇಲೆ ಅಲ್ಲ. ಮಂಕಾಗಿದೆ ಎಂದಷ್ಟೇ ವಾಪಸ್ ಕೊಡಬೇಡಿ, ಈಗ ಕೆಲವು ಬ್ರೂವರಿಗಳು ಬೇಕೆಂದೇ ಹಾಗೆ ಬಿಡುತ್ತವೆ. ಗಸಿ ಬೇಗ ಇಳಿಯಲೆಂದು ಹಾಕುವ ಐಸಿಂಗ್ಲಾಸ್ ಮೀನಿನ ಗಾಳಿಚೀಲದಿಂದ ತೆಗೆದದ್ದು. ಬಿಯರ್ ಪೂರ್ಣ ಸಸ್ಯಾಹಾರ ಎಂಬ ಧೈರ್ಯದ ಮೇಲೆ ಬರುವ ನಮ್ಮ ಮನೆಗಳ ಭಾವಂದಿರಿಗೆ ಇದನ್ನು ಎರಡನೇ ಪಿಂಟ್ ಮುಗಿದ ಮೇಲೆ ಹೇಳುವುದು ಒಳ್ಳೆಯದು.

ಇನ್ನು ಯಾವುದು ಅತ್ಯುತ್ತಮ, ಯಾವುದು ಬರೀ ಸದ್ದು. ನಾಣ್ಯ ಹಾರಿಸಬೇಕಿಲ್ಲ, ಬಾಗಿಲ ಮೇಲಿನ ಬೋರ್ಡು ಓದಿದರೆ ಅರ್ಧ ತಿಳಿಯುತ್ತದೆ. "ಯೀ ಓಲ್ಡ್" ಎಂದು ಶುರುವಾದರೆ ಕಣ್ಣಿಗೆ ಹಬ್ಬ, ನಾಲಿಗೆಗೆ ಗ್ಯಾರಂಟಿಯಿಲ್ಲ. ಅಂದಹಾಗೆ ಆ 'ಯೀ' ಎಂಬ ಪದವೇ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ 'ದ' ಉಚ್ಚಾರದ ಅಕ್ಷರವೊಂದು ಅಚ್ಚಿನಲ್ಲಿ 'ವೈ'ನಂತೆ ಕಂಡು ಆದ ಎಡವಟ್ಟು. ಫ್ಲೀಟ್ ಸ್ಟ್ರೀಟಿನ ಯೀ ಓಲ್ಡ್ ಚೆಶೈರ್ ಚೀಸ್ 1666ರ ಮಹಾ ಬೆಂಕಿಯ ಮರುವರ್ಷ ಮತ್ತೆ ಕಟ್ಟಿದ್ದು. ಕತ್ತಲು, ತಗ್ಗು ಬಾಗಿಲು, ಮೆಟ್ಟಿಲ ಕೆಳಗೆ ಮತ್ತೆ ಮೆಟ್ಟಿಲು. ಮಳೆಗಾಲದ ಮಲೆನಾಡಿನ ಹಳೇ ಮನೆಯ ಒಳಕೋಣೆಗೆ ಹೊಕ್ಕಂತೆ. ನೋಡಲೇಬೇಕು. ಆದರೆ ಅಲ್ಲಿ ಸಿಗುವುದು ಯಾರ್ಕ್‌ಶೈರಿನ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿಯ ಸರಕು ಮಾತ್ರ, ಪಬ್ ಅವರದು. ಹೋಲ್ಬರ್ನಿನ ಪ್ರಿನ್ಸೆಸ್ ಲೂಯಿಸ್ ಕೂಡ ಅವರದೇ. ಚಿತ್ರ ಕೊರೆದ ಗಾಜು, ಮರದ ಗೂಡುಗಳು, ವಿಕ್ಟೋರಿಯಾ ಕಾಲದ್ದೇ ಗತ್ತು. ಆ ಕಂಪನಿ 2019ರಲ್ಲಿ ತನ್ನ ಪಬ್ಬುಗಳಲ್ಲಿ ಮೊಬೈಲ್ ಬಳಸಬೇಡಿ ಎಂದಿತು, ಸಂಗೀತವೂ ಇಲ್ಲ. ಸೆಲ್ಫಿಗೆ ಹೋದವರು ಸಪ್ಪೆ ಮುಖದಲ್ಲಿ ಬರುತ್ತಾರೆ. ವಾಪಿಂಗಿನ ಪ್ರಾಸ್ಪೆಕ್ಟ್ ಆಫ್ ವಿಟ್ಬಿ 1520ರ ಲೆಕ್ಕ ಹೇಳುತ್ತದೆ. ಹಿಂದೆ ಥೇಮ್ಸ್, ಮರಳಿನ ಮೇಲೆ ತೋರಿಕೆಗೆ ನೇತುಹಾಕಿದ ನೇಣಿನ ಕುಣಿಕೆ. ನನ್ನ ಲೆಕ್ಕದಲ್ಲಿ ಅದು ನದಿಗಾಗಿ ಹೋಗುವ ಜಾಗ. ಸೌಥ್‌ವರ್ಕಿನ ಜಾರ್ಜ್ ಇನ್‌ಗೂ ಇದೇ ಮಾತು: 1677ರಲ್ಲಿ ಮರುಕಟ್ಟಿದ, ಅಂಗಳದ ಸುತ್ತ ಮರದ ಪಡಸಾಲೆಗಳಿದ್ದ ಛತ್ರ. ಎರಡು ಪಾರ್ಶ್ವಗಳನ್ನು ರೈಲ್ವೆಯವರು 1889ರಲ್ಲಿ ಕೆಡವಿದರು, ಉಳಿದ ಒಂದು ಈಗ ನ್ಯಾಷನಲ್ ಟ್ರಸ್ಟಿನ ಸ್ವತ್ತು.

ಚರ್ಚಿಲ್ ಆರ್ಮ್ಸ್‌ನ ಹೂವಿನ ಬಗ್ಗೆ ಸಿಡುಕುವವರು ಅಲ್ಲಿನ ಥಾಯ್ ಅಡುಗೆಮನೆಯನ್ನು ಮರೆಯುತ್ತಾರೆ. ಅದನ್ನು ಬರೀ ಸದ್ದಿನ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ.

ಕಣ್ಣಿಗೆ ಕಾಣದ ಇನ್ನೊಂದು ಸಂಗತಿ ಪಬ್ಬಿನ ಕರಾರುಪತ್ರ. 'ಫ್ರೀ ಹೌಸ್' ಎಂಬ ಬೋರ್ಡು ನೋಡಿ ಬಿಟ್ಟಿ ಎಂದುಕೊಳ್ಳಬೇಡಿ, ಯಾರ ಬಿಯರ್ ಬೇಕಾದರೂ ಕೊಳ್ಳುವ ಸ್ವಾತಂತ್ರ್ಯ ಮಾತ್ರ. ಉಳಿದವು ಬಹುಮಟ್ಟಿಗೆ ಬ್ರೂವರಿಗೋ ಪಬ್ ಕಂಪನಿಗೋ ಕಟ್ಟುಬಿದ್ದವು. ಬಾಡಿಗೆಯೂ ಅವರಿಗೆ, ಬಿಯರೂ ಅವರಿಂದಲೇ, ಅದೂ ಹೊರಗಿನ ಸಗಟು ದರಕ್ಕಿಂತ ಹೆಚ್ಚಿಗೆ. 1989ರಲ್ಲಿ ಸರ್ಕಾರ ಈ ಕಟ್ಟು ಸಡಿಲಿಸಲು ಹೊರಟಿತು: 2,000ಕ್ಕಿಂತ ಹೆಚ್ಚು ಪಬ್ ಇರುವ ಬ್ರೂವರಿಗಳು ಹೆಚ್ಚುವರಿಯಲ್ಲಿ ಅರ್ಧದಷ್ಟನ್ನು ಬಿಡಬೇಕು. ಬಿಟ್ಟವನ್ನು ಕೊಂಡವರು ಪಬ್ ನಡೆಸುವವರಲ್ಲ, ಆಸ್ತಿ ವ್ಯವಹಾರದ ಕಂಪನಿಗಳು. ದಣಿ ಬದಲಾದ, ಗೇಣಿ ಉಳಿಯಿತು. ಉಳುವವನೇ ಒಡೆಯ ಎಂಬ ಕಾನೂನು ಕಂಡ ನಾಡಿನವರಿಗೆ ಇದು ತಕ್ಷಣ ಅರ್ಥವಾಗುತ್ತದೆ. 2016ರ ಪಬ್ಸ್ ಕೋಡ್ ಎಂಬ ನಿಯಮಾವಳಿ ಬಂದ ಮೇಲೆ, ಕಟ್ಟುಬಿದ್ದ 500 ಅಥವಾ ಹೆಚ್ಚು ಪಬ್ ಇರುವ ಕಂಪನಿಗಳ ಬಾಡಿಗೆದಾರರು ಕೆಲವು ಸಂದರ್ಭಗಳಲ್ಲಿ ಬರೀ ಮಾರುಕಟ್ಟೆ ಬಾಡಿಗೆ ಕೊಟ್ಟು ಬಿಯರಿನ ಕಟ್ಟು ಬಿಡಿಸಿಕೊಳ್ಳಬಹುದು. ಲಂಡನ್ನಿನ ಪಿಂಟಿಗೆ 6-7 ಪೌಂಡ್ ಕೊಡುವಾಗ ಪಬ್ಬಿನವನನ್ನು ಬೈಯುವ ಮೊದಲು ಅವನ ಹಿಂದೆ ಯಾರಿದ್ದಾರೆ ಎಂದು ನೋಡಬೇಕು.

ಕಟ್ಟು ಎಂದರೆ ಕೆಟ್ಟದ್ದೇ ಎಂದೂ ಅಲ್ಲ. ಸೌಥ್‌ವರ್ಕಿನ 'ಬರೋ' ಎಂಬ ಭಾಗದ ಟಾಬರ್ಡ್ ಸ್ಟ್ರೀಟಿನಲ್ಲಿ ರಾಯಲ್ ಓಕ್ ಇದೆ, ಲೂಯಿಸ್ ಊರಿನ ಹಾರ್ವೀಸ್ ಬ್ರೂವರಿಯ ಪಬ್. ಅವರದೇ ಬಿಯರ್, ಆಯ್ಕೆ ಕಡಿಮೆ, ಬಂದದ್ದೆಲ್ಲ ಖರ್ಚಾಗುತ್ತದೆ. ಚಾರಿಂಗ್ ಕ್ರಾಸ್ ಪಕ್ಕದ ಹಾರ್ಪ್‌ನಲ್ಲಿ ಪಂಪುಗಳ ಸಾಲು ಉದ್ದವೇ, ಆದರೆ ಬೆಂಕಿಪೊಟ್ಟಣದಂಥ ಆ ಜಾಗದಲ್ಲಿ ಜನ ಬೀದಿಗೆ ಚೆಲ್ಲಿಕೊಂಡಿರುತ್ತಾರೆ, ಪೀಪಾಯಿಗೆ ಹುಳಿಯಲು ಪುರಸತ್ತಿಲ್ಲ. ಕ್ಯಾಮ್ರಾದ ರಾಷ್ಟ್ರೀಯ ಪ್ರಶಸ್ತಿ ಪಡೆದ ಲಂಡನ್ನಿನ ಮೊದಲ ಪಬ್ ಅದು. 2014ರಿಂದ ಫುಲ್ಲರ್ಸ್ ಕಂಪನಿಯ ಕೈಯಲ್ಲಿದ್ದರೂ ಹೊರಗಿನ ಬಿಯರುಗಳು ಸಿಗುತ್ತವೆ. ನನ್ನನ್ನು ಕೇಳಿದರೆ ಮಂಗಳವಾರಕ್ಕೆ ಇವೆರಡು.

ಪಬ್ಬೊಂದನ್ನು ಇಲ್ಲಿನ ಜನ ಎಷ್ಟು ಹಚ್ಚಿಕೊಳ್ಳುತ್ತಾರೆ ಎನ್ನುವುದಕ್ಕೆ ಕಾರ್ಲ್ಟನ್ ಟಾವರ್ನ್ ನೋಡಬೇಕು. 2015ರ ಏಪ್ರಿಲಿನಲ್ಲಿ, ಪಾರಂಪರಿಕ ಕಟ್ಟಡವೆಂದು ಘೋಷಣೆಯಾಗುವ ಹೊತ್ತಿಗೆ, ಬಿಲ್ಡರ್ ಅನುಮತಿಯಿಲ್ಲದೆ ಅದನ್ನು ಕೆಡವಿಬಿಟ್ಟ. ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ಇಟ್ಟಿಗೆ ಇಟ್ಟಿಗೆಯಾಗಿ ಮತ್ತೆ ಕಟ್ಟಿಸಿತು, 2021ರಲ್ಲಿ ಬಾಗಿಲು ತೆರೆಯಿತು. ಬೆಂಗಳೂರಿನಲ್ಲಿ ಹಳೆಯ ಕಟ್ಟಡಗಳು ರಾತ್ರೋರಾತ್ರಿ ಮಾಯವಾದಾಗ ನಾವು ಮಾಡುವುದು ಹಳೆಯ ಫೋಟೊ ಹಂಚಿಕೊಳ್ಳುವುದು.

ಹಾಗಂತ ಇಲ್ಲಿನ ಬಾಗಿಲುಗಳು ಎಲ್ಲರಿಗೂ ತೆರೆದೇ ಇದ್ದವು ಎಂದುಕೊಳ್ಳುವುದು ಬೇಡ. 1960ರ ದಶಕದಲ್ಲಿ ಸ್ಮೆತಿಕ್‌ನಂಥ ಊರುಗಳ ಪಬ್ಬುಗಳಲ್ಲಿ ಭಾರತೀಯ ಕಾರ್ಮಿಕರಿಗೆ ಕೆಲವು ಕೋಣೆಗಳಲ್ಲಿ ಬಿಯರ್ ಕೊಡುತ್ತಿರಲಿಲ್ಲ. ಆ ವರ್ಣಭೇದವನ್ನು ನಿಷೇಧಿಸಲು 1965ರ ಕಾನೂನು ಬೇಕಾಯಿತು. ಅದೇ ಫ್ಲೀಟ್ ಸ್ಟ್ರೀಟಿನ ಎಲ್ ವೀನೋ ಎಂಬ ವೈನ್ ಬಾರಿನಲ್ಲಿ ಹೆಂಗಸರು ಕಟ್ಟೆಯ ಬಳಿ ನಿಂತು ಕುಡಿಯುವಂತಿರಲಿಲ್ಲ, 1982ರಲ್ಲಿ ನ್ಯಾಯಾಲಯ ಹೇಳಿದ ಮೇಲೆ ಬಿಟ್ಟರು. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಿಂದ ಹೆಣ್ಣುಮಕ್ಕಳನ್ನು ಹೊಡೆದು ಓಡಿಸಿದ್ದನ್ನು ಇಲ್ಲಿಯವರಿಗೆ ವಿವರಿಸುವಾಗ ಈ ಇಸವಿಗಳು ನಾಲಿಗೆ ತುದಿಯಲ್ಲಿರಬೇಕು, ನಮ್ಮನ್ನು ಬಚಾವು ಮಾಡಿಕೊಳ್ಳಲು ಅಲ್ಲ, ಮಾತು ನೇರವಾಗಿರಲು. ಸೌತಾಲಿನ ಗ್ಲಾಸಿ ಜಂಕ್ಷನ್ ಎಂಬ ಪಂಜಾಬಿ ಪಬ್ 2012ರಲ್ಲಿ ಮುಚ್ಚುವವರೆಗೆ ಪಿಂಟಿಗೆ ರೂಪಾಯಿ ನೋಟು ತೆಗೆದುಕೊಳ್ಳುತ್ತಿತ್ತು.

ಬೆಂಗಳೂರಿನ ಪಬ್ ಚರ್ಚೆಗೆ ಬಂದರೆ ಒಂದು ವಿಚಿತ್ರ. 2010ರ ಆಸುಪಾಸಿನಿಂದ ಮೈಕ್ರೋಬ್ರೂವರಿಗಳು ಬಂದಿವೆ. ಬಿಯರ್ ಬೇಯುವ ಹಂಡೆ ಗ್ಲಾಸಿನಿಂದ ಹತ್ತು ಮಾರು ದೂರ. ಇದಕ್ಕಿಂತ ತಾಜಾ ಇನ್ನೇನು ಬೇಕು? ಆದರೂ ಜನ ಅಂಕ ಕೊಡುವುದು ಛಾವಣಿಗೆ, ದೀಪಕ್ಕೆ, ಡಿಜೆಗೆ, ಪಾರ್ಕಿಂಗಿಗೆ. ಈ ಟ್ಯಾಂಕ್ ಯಾವತ್ತಿನದು, ಕೊಳವೆ ಯಾವತ್ತು ತೊಳೆದಿರಿ ಎಂದು ಕೇಳುವವರಿಲ್ಲ. ಕೇಳಿದರೆ ಉತ್ತರಿಸುವ ಹುಡುಗನಿಗೆ ತಿಳಿದಿರುವುದೂ ಇಲ್ಲ. ಅದೇ ಊರಿನ ಅದೇ ಜನ ದೋಸೆಯ ವಿಷಯಕ್ಕೆ ಬಂದರೆ ನೆಲಮಾಳಿಗೆಯವರನ್ನೂ ಮೀರಿಸುತ್ತಾರೆ: ಹಿಟ್ಟಿನ ಹುಳಿ, ಕಾವಲಿಯ ಕಾವು, ಮೊದಲ ಸಾಲಿನ ದೋಸೆ ಯಾಕೆ ಬೇಡ. ಗಾಂಧಿಬಜಾರಿನ ವಿದ್ಯಾರ್ಥಿ ಭವನವೋ ಮಲ್ಲೇಶ್ವರದ ಸಿಟಿಆರ್ರೋ ಎಂಬ ವಾದದಲ್ಲಿ ಯಾರೂ ಕಿಟಕಿಯ ಹೂಕುಂಡದ ಮಾತೆತ್ತಿದ್ದಿಲ್ಲ.

ಇದನ್ನು ಪಕ್ಕದ ಮನೆಯವರಿಗೆ ಹೇಳುತ್ತ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ವಿಷಯವೂ ಬಂತು. 'ಬಾರ್' ಎಂದ ಕೂಡಲೇ ಅವರ ಕಿವಿ ನೆಟ್ಟಗಾಯಿತು.

"ಎಷ್ಟು ಪಂಪು?"

"ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್. ನಾಲ್ಕೇ. ಕಾಫಿ, ಟೀ ಬೇರೆ. ಸಾಂಬಾರೂ ಇಲ್ಲ, ಚಟ್ನಿ ಮಾತ್ರ."

"ಕೂರೋಕೆ?"

"ಇಲ್ಲ. ನಿಂತೇ ತಿನ್ನಬೇಕು. ಮಧ್ಯಾಹ್ನ ಬಾಗಿಲು ಹಾಕ್ತಾರೆ."

ಅವರು ಕತ್ತರಿ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು.

"ಫ್ರೀ ಹೌಸೋ, ಕಟ್ಟುಬಿದ್ದದ್ದೋ?"