ಭೀಮೆಯಿಂದ ಕಾರಂಜಾಕ್ಕೆ: ಬೋಟು ಸಾಗಿಸುತ್ತ ಕಲಿತದ್ದು

ಕಲಬುರಗಿಯ ಹುಮನಾಬಾದ್ ರಿಂಗ್ ರೋಡ್ ಹತ್ತಿರ ನಮ್ಮದು ಟ್ರೇಲರ್ ಕಟ್ಟುವ, ರಿಪೇರಿ ಮಾಡುವ ಗ್ಯಾರೇಜು. ಅಫಜಲಪುರ ಕಡೆಯ ರೈತರೊಬ್ಬರ ಫೈಬರ್ ಬೋಟನ್ನು ವರ್ಷಕ್ಕೆ ಎರಡು ಸಲ ಸಾಗಿಸುವ ಕೆಲಸವೂ ನಮ್ಮ ಪಾಲಿಗಿದೆ. ಅವರಿಗೆ ಭೀಮಾ ದಂಡೆಯಲ್ಲಿ ಕಬ್ಬಿನ ಹೊಲ, ಭಾಲ್ಕಿ ತಾಲೂಕಿನಲ್ಲಿ ಕಾರಂಜಾ ಹಿನ್ನೀರಿನ ಪಕ್ಕ ಇನ್ನೊಂದು ಹೊಲ. ದೀಪಾವಳಿ ಕಳೆದ ಮೇಲೆ ಬೋಟು ಭೀಮೆಯ ಸೊನ್ನ ಬ್ಯಾರೇಜಿನ ಹಿನ್ನೀರಿಗೆ ಇಳಿಯುತ್ತದೆ, ಮುಂಗಾರಿಗೆ ಮೊದಲು ಮೇಲೆದ್ದು ಕಾರಂಜಾಕ್ಕೆ ಹೋಗುತ್ತದೆ.

ಇಷ್ಟು ದೂರ ಯಾಕೆ ಎಳೆಯಬೇಕು ಎಂದು ಕೇಳುವವರಿದ್ದಾರೆ. ಭೀಮಾ ಹೊಳೆಗೆ ನೀರು ಬರುವುದು ನಮ್ಮ ಮಳೆಯಿಂದಷ್ಟೇ ಅಲ್ಲ. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟು ತುಂಬಿ ಗೇಟು ತೆರೆದರೆ, ನೀರಾ ನದಿಯ ವೀರ್ ಅಣೆಕಟ್ಟಿನಿಂದಲೂ ನೀರು ಬಿಟ್ಟರೆ, ಇಲ್ಲಿ ಆಕಾಶ ನಿಚ್ಚಳವಾಗಿದ್ದರೂ ಹೊಳೆ ದಂಡೆ ಮೀರುತ್ತದೆ. ಕಾರಂಜಾದ ಲೆಕ್ಕ ಬೇರೆ. ಅದು ಮಾಂಜ್ರಾದ ಉಪನದಿ, ಗೋದಾವರಿ ಕೊಳ್ಳದ್ದು. ಜಲಾಶಯದ ಸಾಮರ್ಥ್ಯ ಸುಮಾರು 7.69 ಟಿಎಂಸಿ. ಉಜನಿಯಂಥ ದೊಡ್ಡ ಅಣೆಕಟ್ಟು ಅದರ ತಲೆಯ ಮೇಲಿಲ್ಲ. ಮಳೆಗಾಲದಲ್ಲಿ ಬೋಟು ಅಲ್ಲಿದ್ದರೆ ನನಗೆ ನಿದ್ದೆ ಬರುತ್ತದೆ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ದಿನ ಗೊತ್ತುಮಾಡುವುದು. 2020ರಲ್ಲಿ ಮಾಲೀಕರು ದಸರೆಗೆ ಬೋಟು ಹೊಳೆಯಲ್ಲಿರಬೇಕು ಎಂದು ಹಟ ಹಿಡಿದಿದ್ದರು. ಉಜನಿ ಭರ್ತಿಯಾಗಿತ್ತು, ಹಿಂದೆ ಸರಿಯುವ ಮುಂಗಾರು ಇನ್ನೂ ಪೂರ್ತಿ ಹೋಗಿರಲಿಲ್ಲ. ನಾನು ಒಪ್ಪಲಿಲ್ಲ. ‘ಬಾಡಗಿ ಹೋದ್ರ ಹೋಗ್ಲಿ, ದೀಪಾವಳಿ ತನಕ ತಡೀರಿ’ ಎಂದೆ. ಅಕ್ಟೋಬರ್ 13ರಂದು ವಾಯುಭಾರ ಕುಸಿತ ಕಾಕಿನಾಡದ ಹತ್ತಿರ ದಡ ಹತ್ತಿ, ತೆಲಂಗಾಣ ದಾಟಿ ನಮ್ಮ ಮೇಲೂ ಮಹಾರಾಷ್ಟ್ರದ ಮೇಲೂ ಸುರಿಯಿತು. ಮುಂದಿನ ದಿನಗಳಲ್ಲಿ ಅಫಜಲಪುರ, ಜೇವರ್ಗಿ ತಾಲೂಕುಗಳ ಎಷ್ಟೋ ಹೊಳೆದಂಡೆ ಹಳ್ಳಿಗಳಿಗೆ ನೀರು ನುಗ್ಗಿತು. ಮೋಟಾರು, ಪೈಪು, ಹೊಲದಲ್ಲಿ ನಿಂತ ತೊಗರಿ ಕಳೆದುಕೊಂಡವರನ್ನು ನೋಡಿದ ಮೇಲೆ ಬೋಟಿನ ಮಾತು ಬಹಳ ಸಣ್ಣದೆನಿಸಿತು. ಆದರೂ ಅಂದು ‘ಆಗಲಿ’ ಎಂದಿದ್ದರೆ ಕಟ್ಟಿದ ಹಗ್ಗವೂ ಉಳಿಯುತ್ತಿರಲಿಲ್ಲ.

ಎರಡನೆಯ ಲೆಕ್ಕ ಎರೆ ಮಣ್ಣಿನದು. ಮೇ ತಿಂಗಳಲ್ಲಿ ಹೊಳೆದಂಡೆ ಕಲ್ಲಿನಂತೆ ಗಟ್ಟಿ, ಟ್ರ್ಯಾಕ್ಟರ್ ಹಚ್ಚಿದರೆ ಟ್ರೇಲರ್ ಸಲೀಸಾಗಿ ಮೇಲೆ ಬರುತ್ತದೆ. ಒಂದು ಅಡ್ಡ ಮಳೆ ಬಿದ್ದರೆ ಸಾಕು, ಗಾಲಿ ಅಚ್ಚಿನ ಮಟ ಹೂತು ಟ್ರ್ಯಾಕ್ಟರೂ ಜಾರತೊಡಗುತ್ತದೆ. ಅದಕ್ಕೇ ರೋಹಿಣಿ ಮಳೆಗೆ ಮೊದಲೇ ಎತ್ತಿಬಿಡುತ್ತೇವೆ. ಚಳಿಗಾಲಕ್ಕೆ ಮುಂಚೆ ಇಳಿಸುವಾಗ ಮೇಲ್ಪದರ ಒಣಗಿ ಬಿರುಕು ಬಿಟ್ಟಿದ್ದರೂ ನಂಬುವಂತಿಲ್ಲ. ಸಲಾಕೆ ಚುಚ್ಚಿ ನೋಡುತ್ತೇನೆ. ಒಳಗೆ ಮೆತ್ತಗೆ ಇಳಿದರೆ ಇನ್ನೊಂದು ವಾರ ಕಾಯುವುದೇ.

ಇನ್ನು ಗಾಲಿಯ ಬೇರಿಂಗ್. ಹೊಸ ಹುಡುಗರಿಗೆ ನಾನು ಮೊದಲು ಕಲಿಸುವುದು ಇದನ್ನೇ. ದೂರದ ದಾರಿಯಲ್ಲಿ ಓಡಿ ಬಂದ ಹಬ್ಬು, ಅಂದರೆ ಬೇರಿಂಗ್ ಕೂರುವ ಗಾಲಿಯ ನಡುಭಾಗ, ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಹಾಗೇ ನೀರಿಗೆ ಇಳಿಸಿದರೆ ಗಾಳಿ ಒಮ್ಮೆಲೆ ತಣ್ಣಗಾಗಿ ಕುಗ್ಗುತ್ತದೆ, ಸೀಲಿನ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಗ್ರೀಸು ಹಾಲು ಬೆರೆತಂತೆ ಬೆಳ್ಳಗಾಗುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ, ಮುಂದಿನ ಸಲ ನಡುದಾರಿಯಲ್ಲಿ ಗಾಲಿ ಕಚ್ಚಿಕೊಳ್ಳುತ್ತದೆ. ಆದ್ದರಿಂದ ದಂಡೆಗೆ ಬಂದೊಡನೆ ನೀರಿಗಿಳಿಸುವ ಗಡಿಬಿಡಿ ನಮ್ಮಲ್ಲಿಲ್ಲ. ಚಹಾ ಕುಡಿದು, ಬೆಲ್ಟು ಬಿಚ್ಚಿ, ಬೋಟಿನ ತಳದ ತೂತಿಗೆ ಡ್ರೇನ್ ಪ್ಲಗ್ ಹಾಕಿ, ಹಬ್ಬಿನ ಮೇಲೆ ಅಂಗೈ ಇಟ್ಟು ನೋಡಿ, ತಣ್ಣಗಿದ್ದರೆ ಮಾತ್ರ ಹಿಂದಕ್ಕೆ ಬಿಡುತ್ತೇವೆ. ದಾರಿಯಲ್ಲೂ ಹೊರಟ ಸ್ವಲ್ಪ ಹೊತ್ತಿಗೆ ಒಮ್ಮೆ ನಿಲ್ಲಿಸಿ ಬೆಲ್ಟು ಬಿಗಿದು ಹಬ್ಬು ಮುಟ್ಟುತ್ತೇವೆ. ಒಂದು ಗಾಲಿ ಮಾತ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ಅದನ್ನು ಬಿಚ್ಚದೆ ಮುಂದೆ ಹೋಗುವುದಿಲ್ಲ.

ಭೀಮೆಯಿಂದ ಎತ್ತಿದ ಬೋಟನ್ನು ತೊಳೆಯದೆ ಕಾರಂಜಾಕ್ಕೆ ಒಯ್ಯುವುದಿಲ್ಲ. ಪ್ಲಗ್ ತೆಗೆದು ತಳದ ನೀರನ್ನು ಅಲ್ಲೇ ಬಸಿಯುತ್ತೇವೆ. ಪ್ರೊಪೆಲ್ಲರಿಗೆ, ಟ್ರೇಲರಿನ ರೋಲರುಗಳಿಗೆ ಸುತ್ತಿಕೊಂಡ ಅಂತರಗಂಗೆಯ ಬೇರನ್ನು ಕೈಯಿಂದ ಬಿಡಿಸಿ, ಗ್ಯಾರೇಜಿನ ಬಿಸಿಲಲ್ಲಿ ಬೋಟನ್ನು ಪೂರ್ತಿ ಒಣಗಿಸುತ್ತೇವೆ. ಒಂದು ಕೊಳ್ಳದ ಕಳೆಯನ್ನು ಇನ್ನೊಂದು ಕೊಳ್ಳಕ್ಕೆ ಕೊಂಡೊಯ್ದು ಬಿಟ್ಟರೆ ಅಲ್ಲಿನ ಮೀನುಗಾರರ ಬಲೆಗೆ ನಾವೇ ಕಂಟಕವಾಗುತ್ತೇವೆ. ಈ ವಿಷಯದಲ್ಲಿ ಯಾರು ಅವಸರ ಮಾಡಿದರೂ ನಾನು ಕೇಳುವುದಿಲ್ಲ. ಇಂಜಿನ್ನಿನ ಕೆಲಸವೂ ಆಗಲೇ ಮುಗಿಯುತ್ತದೆ: ಇಂಜಿನ್ ತಂಪಾಗಿಡಲು ನೀರೆಳೆಯುವ, ಹೊಳೆಯ ರಾಡಿ ತಿಂದು ಸವೆದ ಇಂಪೆಲ್ಲರ್ ಬದಲಿಸುವುದು, ಹಳೇ ಪೆಟ್ರೋಲ್ ತೆಗೆಯುವುದು.

ಕಾರಂಜಾದಿಂದ ಭೀಮೆಗೆ ವಾಪಸು ಬರುವಾಗ ಕಬ್ಬು ನುರಿಸುವ ಹಂಗಾಮು. ಚೌಡಾಪುರದಿಂದಾಚೆ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳ ಸಾಲು, ಎಷ್ಟೋ ಟ್ರಾಲಿಗಳಿಗೆ ಹಿಂದಿನ ದೀಪವಿಲ್ಲ. ಹಾಗಾಗಿ ರಾತ್ರಿ ಓಡಿಸುವುದಿಲ್ಲ. ಬೆಳಕು ಹರಿದ ಮೇಲೆ ಹೊರಟು, ಇಂಜಿನ್ನಿಗೆ ಕೆಂಪು ಬಟ್ಟೆ ಕಟ್ಟಿ ನಿಧಾನವಾಗಿ ಹೋಗುತ್ತೇವೆ.

ಈಗ ನಾನು ಕೊಡುವ ಎಸ್ಟಿಮೇಟಿನಲ್ಲಿ ತಾರೀಖಿನ ಜಾಗ ಖಾಲಿ ಇರುತ್ತದೆ. ಅದರ ಕೆಳಗೆ ಬರೆದಿರುತ್ತೇನೆ: ಉಜನಿಯಿಂದ ನೀರು ಬಿಡುವುದು ನಿಂತು, ದಂಡೆ ಒಣಗಿದ ಮೇಲೆ ಸಾಗಣೆ, ಕಾದ ದಿನಗಳಿಗೆ ಬಾಡಿಗೆ ಇಲ್ಲ. ಮಾಲೀಕರು ಓದಿ ಸಹಿ ಮಾಡಿದರೆ ಮಾತ್ರ ಟ್ರೇಲರ್ ಹೊರಡುತ್ತದೆ.