ಗಿಟಾರೇ ಇಲ್ಲದ ಗಲಾಟೆ

ಬ್ಯಾಂಡಿನಲ್ಲಿ ಇರೋದೇ ಇಬ್ಬರು. ಒಬ್ಬ ತಗ್ಗು ಸ್ವರದ ಬೇಸ್ ನುಡಿಸುತ್ತಾನೆ, ಇನ್ನೊಬ್ಬ ಡ್ರಮ್ಸ್ ಬಡಿಯುತ್ತಲೇ ಹಾಡುತ್ತಾನೆ. ಗಿಟಾರ್ ಇಲ್ಲವೇ ಇಲ್ಲ. ಆದರೂ ಕೇಳಿದರೆ ಐದಾರು ಜನ ಸೇರಿ ಗಲಾಟೆ ಎಬ್ಬಿಸಿದ ಹಾಗಿರುತ್ತದೆ. ಕೆನಡಾದ ಟೊರೊಂಟೊದ 'ಡೆತ್ ಫ್ರಮ್ ಅಬವ್ 1979' ತಂಡ 2004ರ ಅಕ್ಟೋಬರ್‌ನಲ್ಲಿ ಹೊರತಂದ ಮೊದಲ ಆಲ್ಬಂ 'ಯೂ ಆರ್ ಎ ವುಮನ್, ಐ ಆಮ್ ಎ ಮಷೀನ್' ಬಗ್ಗೆ ಹೇಳುತ್ತಿದ್ದೇನೆ. ಆಗ ಡ್ಯಾನ್ಸ್-ಪಂಕ್, ಅಂದರೆ ಪಂಕ್ ರಾಕ್‌ನ ಒರಟುತನಕ್ಕೆ ಕುಣಿಯುವ ತಾಳ ಸೇರಿಸಿದ ಸಂಗೀತ, ಅನ್ನೋ ಹೆಸರಲ್ಲಿ ರಾಶಿ ಆಲ್ಬಂ ಬಂದವು. ಅವುಗಳಲ್ಲಿ ನಾನು ಈಗಲೂ ಮೊದಲಿಂದ ಕೊನೆವರೆಗೆ ಕೇಳೋದು ಇದೊಂದನ್ನೇ. 11 ಹಾಡು, ಸುಮಾರು 35 ನಿಮಿಷ, ಅಷ್ಟೇ.

ಬೇಸ್ ನುಡಿಸುವವನು ಜೆಸ್ಸಿ ಕೀಲರ್, ಹಾಡುವ ಡ್ರಮ್ಮರ್ ಸೆಬಾಸ್ಟಿಯನ್ ಗ್ರೇಂಜರ್. 2001ರಲ್ಲಿ ತಂಡ ಕಟ್ಟಿದರು. 2002ರಲ್ಲಿ 'ಹೆಡ್ಸ್ ಅಪ್' ಅಂತ 6 ಹಾಡುಗಳ ಒಂದು ಸಣ್ಣ ರೆಕಾರ್ಡ್ ಬಂತು. ಅದರಲ್ಲಿ ಸಿಟ್ಟು ಜಾಸ್ತಿ, ಕುಣಿತ ಕಡಿಮೆ. ಆಮೇಲೆ ಹೆಸರಿನ ಜಗಳ. ಮೊದಲು ಹೆಸರು ಬರೀ 'ಡೆತ್ ಫ್ರಮ್ ಅಬವ್'. ಅದರ ಮೊದಲಕ್ಷರಗಳನ್ನೇ ಹೆಸರಾಗಿಟ್ಟುಕೊಂಡಿದ್ದ ನ್ಯೂಯಾರ್ಕಿನ ಸಂಗೀತ ಕಂಪನಿ ಡಿಎಫ್ಎ ರೆಕಾರ್ಡ್ಸ್‌ನವರು ಹೆಸರಿಗೆ ತಕರಾರು ತೆಗೆದರು, ಇವರು ಹೆಸರಿನ ಕೊನೆಗೆ 1979 ಸೇರಿಸಿಕೊಂಡರು. ಅದು ಗ್ರೇಂಜರ್ ಹುಟ್ಟಿದ ವರ್ಷ. ತಮಾಷೆ ಏನಂದ್ರೆ ಆ ಡಿಎಫ್ಎಯವರೂ ಪಂಕ್ ಕೇಳುವವರನ್ನು ಕುಣಿಸೋದಕ್ಕೇ ಹೊರಟಿದ್ದವರು.

ಸರಿ, ಇಬ್ಬರೇ ಇದ್ದು ಇಷ್ಟು ಸದ್ದು ಹೇಗೆ? ಬೇಸ್‌ನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 41 ಸಲ, ಕಂಪಿಸುತ್ತದೆ, ಗಿಟಾರಿನದು 82ರಲ್ಲಿ. ಸುಮ್ನೆ ಬೇಸ್ ನುಡಿಸಿದರೆ ಮೇಲಿನ ಜಾಗವೆಲ್ಲ ಖಾಲಿ. ಆದರೆ ಅದೇ ಬೇಸನ್ನು, ಸದ್ದನ್ನು ಬೇಕಂತಲೇ ಒಡೆಯುವ ಡಿಸ್ಟಾರ್ಷನ್‌ಗೆ ಹಾಕಿದಾಗ 41ರ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳೂ ಎದ್ದು ನಿಲ್ಲುತ್ತವೆ, ಗಿಟಾರ್ ಇರಬೇಕಾದ ಜಾಗ ತಾನಾಗೇ ತುಂಬಿಕೊಳ್ಳುತ್ತದೆ. ಫೋನಿನ ಪುಟ್ಟ ಸ್ಪೀಕರ್‌ನಲ್ಲೂ ಕೀಲರ್‌ನ ಬೇಸ್ ಕೇಳಿಸೋದು ಇದರಿಂದಲೇ. ಅಡಿಯ ಸ್ವರ ಆ ಸ್ಪೀಕರ್‌ಗೆ ದಕ್ಕೋದೇ ಇಲ್ಲ, ನಮಗೆ ಸಿಗೋದು ಮೇಲಿನ ಕರಕರ ಮಾತ್ರ. ಜೊತೆಗೆ ಅವನು ಬೇಸ್ ಅಂದ್ರೆ ಹಿಂದೆ ನಿಂತು ತಾಳಕ್ಕೆ ಬೆಂಬಲ ಕೊಡೋದು ಅಂದುಕೊಂಡವನಲ್ಲ. ಹಾಡಿನ ಮುಖ್ಯ ರಾಗವೇ ಅವನ ಕೈಯಲ್ಲಿ. ಅಲ್ಲಲ್ಲಿ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಕೂಡ ಅವನದೇ.

ಇನ್ನು ಗ್ರೇಂಜರ್. ಎರಡು ಕೈ ಎರಡು ಕಾಲು ಆಡಿಸುತ್ತಾ ಹಾಡುವವನಿಗೆ ಉದ್ದುದ್ದ ಸಾಲು ಎಳೆಯೋಕೆ ಉಸಿರೆಲ್ಲಿ ಬರಬೇಕು? ಹಾಗಾಗಿ ಸಾಲುಗಳೆಲ್ಲ ತುಂಡು ತುಂಡು, ಪೆಟ್ಟಿನ ಜೊತೆಗೇ ಬೀಳುತ್ತವೆ. ಪ್ರತಿ ಎಣಿಕೆಗೂ ಕಿಕ್ (ಕಾಲಲ್ಲಿ ಬಡಿಯುವ ದೊಡ್ಡ ಡ್ರಮ್), ನಡುನಡುವೆ ಬಾಯಿ ಬಿಡುವ ಹೈ-ಹ್ಯಾಟ್ (ಜೋಡಿ ತಟ್ಟೆ), ಅಂದರೆ ಪಕ್ಕಾ ಡಿಸ್ಕೋ ತಾಳ, ಅದನ್ನೇ ಅವನು ಪಂಕ್‌ನ ವೇಗಕ್ಕೆ ಓಡಿಸಿ ಬಡಿಯುವ ಜೋರಿಗೆ ತಲೆ ಆಡಿಸಬೇಕೋ ಸೊಂಟ ಕುಣಿಸಬೇಕೋ ಗೊತ್ತಾಗಲ್ಲ.

ನನ್ನ ಪ್ರಕಾರ ಈ ಆಲ್ಬಂ ಗೆದ್ದಿದ್ದು ಪ್ರೊಡ್ಯೂಸರ್‌ನಿಂದ. ಅಲ್-ಪಿ ಅನ್ನೋ ಆತನ ಒಲವು ಎಲೆಕ್ಟ್ರಾನಿಕ್ ಸಂಗೀತದ ಕಡೆಗೆ. ಮಾಮೂಲಿ ರಾಕ್ ಪ್ರೊಡ್ಯೂಸರ್ ಆಗಿದ್ದರೆ 'ಒಂದು ಗಿಟಾರ್ ಸೇರಿಸೋಣ' ಅಂತಿದ್ದನೋ ಏನೋ. ಇಲ್ಲಿ ಖಾಲಿ ಇರಬೇಕಾದ ಕಡೆ ಖಾಲಿ ಬಿಟ್ಟಿದ್ದಾರೆ. ಡ್ರಮ್ಸ್ ಕೇಳಿ, ಹತ್ತಿರದಿಂದ, ಒಣಒಣ ಕೇಳಿಸುತ್ತವೆ, ಕ್ಲಬ್‌ಗಳ ರೆಕಾರ್ಡ್‌ನಂತೆ. ಆಮೇಲೆ ಇದೇ ಅಲ್-ಪಿ ಮತ್ತು ಕೀಲರ್ ಸೇರಿ ಮಾಸ್ಟರ್‌ಕ್ರಾಫ್ಟ್ ಅಂತ ಅಪ್ಪಟ ಡ್ಯಾನ್ಸ್ ತಂಡವನ್ನೇ ಕಟ್ಟಿದರು. 2005ರಲ್ಲಿ ಈ ಹಾಡುಗಳ ರೀಮಿಕ್ಸ್ ಆಲ್ಬಂ ಬಂತು, ಫ್ರಾನ್ಸಿನ ಡ್ಯಾನ್ಸ್ ಸಂಗೀತದ ಜೋಡಿ ಜಸ್ಟೀಸ್ ಕೂಡ ಅದರಲ್ಲಿದ್ದಾರೆ. ಪಂಕ್ ಹಾಡು ಡಿಜೆಗಳ ಕೈಗೆ ಅಷ್ಟು ಸಲೀಸಾಗಿ ಹೋಯಿತು ಅಂದ್ರೆ ಕುಣಿತ ಮೊದಲೇ ಒಳಗಿತ್ತು ಅಂತ ತಾನೇ?

ಎಲ್ಲವೂ ಚೆನ್ನಾಗಿದೆ ಅಂತಲ್ಲ. ಸಾಹಿತ್ಯ ಬರೀ ಪ್ರೀತಿ, ಮೈಬಿಸಿ, ಜಗಳ, ಮತ್ತೆ ಅದೇ. ನಡುವಿನ ಕೆಲವು ಹಾಡು ಒಂದರೊಳಗೊಂದು ಕಲಸಿಹೋಗುತ್ತವೆ. ಅಷ್ಟರಲ್ಲಿ 'ಬ್ಲ್ಯಾಕ್ ಹಿಸ್ಟರಿ ಮಂತ್' ಬಂದು ವೇಗ ಇಳಿಸುತ್ತದೆ, ಸದ್ಯ. ಮುಖಪುಟವೂ ವಿಚಿತ್ರ, ಇಬ್ಬರ ಮೂಗಿನ ಜಾಗದಲ್ಲೂ ಆನೆ ಸೊಂಡಿಲು.

2005ರಲ್ಲಿ ಅಮೆರಿಕದ ರಾಕ್ ತಂಡ ನೈನ್ ಇಂಚ್ ನೈಲ್ಸ್ ಜೊತೆ ದೊಡ್ಡ ದೊಡ್ಡ ವೇದಿಕೆ ಹತ್ತಿದರು, 2006ರಲ್ಲಿ ಒಡೆದುಹೋದರು. ಇಬ್ಬರೇ ಇರುವ ತಂಡದಲ್ಲಿ ಮಾತು ಬಿಟ್ಟರೆ ನಡುವೆ ಬಂದು ರಾಜಿ ಮಾಡಿಸೋಕೆ ಮೂರನೆಯವನೂ ಇರಲ್ಲ, ಅಲ್ವಾ. 2011ರಲ್ಲಿ ಮತ್ತೆ ಒಂದಾದರು, ಎರಡನೇ ಆಲ್ಬಂ ಬಂದಿದ್ದು 2014ರಲ್ಲಿ. ಅದು ನೀಟಾಗಿದೆ, ನನಗೆ ಸ್ವಲ್ಪ ಜಾಸ್ತಿಯೇ ನೀಟು ಅನಿಸಿತು.

ಮೊದಲ ಸಲ ಕೇಳುವವರು 'ರೊಮ್ಯಾಂಟಿಕ್ ರೈಟ್ಸ್' ಹಾಕಿಕೊಳ್ಳಿ. ಹಿಡಿಸಿದರೆ ಆಲ್ಬಂ ಮೊದಲಿಂದ ಕೇಳಿ. ಹಿಡಿಸದಿದ್ದರೆ ಉಳಿದ ಹತ್ತೂ ಹಿಡಿಸಲ್ಲ, ಬಿಟ್ಟುಬಿಡಿ.