ಕಾನಿನ ಕಟ್ಟಳೆ ಮತ್ತು ನನ್ನ ಕಾದಂಬರಿಗಳು

ಕಲ್ಪನಾಲೋಕದ ಕಾದಂಬರಿಗಳನ್ನು ಬರೆಯುವವರಿಗೆ ಹೋದಲ್ಲೆಲ್ಲ ಎದುರಾಗುವ ಮೊದಲ ಪ್ರಶ್ನೆ, ಇಷ್ಟೆಲ್ಲ ಎಲ್ಲಿಂದ ಹೊಳೆಯುತ್ತದೆ ಎಂಬುದು. ತೀರ್ಥಹಳ್ಳಿ ತಾಲೂಕಿನ ಅಡಿಕೆ ತೋಟದ ಮನೆಯೊಂದರಲ್ಲಿ ಕುಳಿತು ಬರೆಯುವ ನನಗೆ ಆ ಪ್ರಶ್ನೆಯ ಹಿಂದೆ ಒಂದು ನಂಬಿಕೆ ಕಾಣಿಸುತ್ತದೆ: ಇಂಥ ಬರವಣಿಗೆಗೆ ಯಾವ ಕಟ್ಟುಪಾಡೂ ಇಲ್ಲ, ಮನಸ್ಸಿಗೆ ಬಂದದ್ದನ್ನೆಲ್ಲ ಬರೆದುಬಿಡಬಹುದು ಎಂಬ ನಂಬಿಕೆ. ನನ್ನ ಅನುಭವ ತೀರ ಬೇರೆ. ಕಂಡದ್ದನ್ನು ಬರೆಯುವವರಿಗಿಂತ ಕಾಣದ್ದನ್ನು ಬರೆಯುವವರಿಗೆ ಕಟ್ಟಳೆಗಳು ಹೆಚ್ಚು ಬೇಕು. ನನಗೆ ಅವು ದೊರೆತದ್ದು ಈ ಮಲೆನಾಡಿನಿಂದ. ಅವು ಸಡಿಲವಾಗದಂತೆ ಕಾಯುತ್ತಿರುವವರು ನನ್ನ ಓದುಗರು.

ಸೊರಬ, ಸಾಗರದ ಕಡೆಯ ಕಾನುಗಳೊಳಗೆ ಒಮ್ಮೆಯಾದರೂ ಕಾಲಿಟ್ಟವರಿಗೆ ಈ ಮಾತು ಬೇಗ ಅರ್ಥವಾದೀತು. ಸುತ್ತಲಿನ ಗುಡ್ಡ ಬೋಳಾದರೂ ಊರಿನವರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಈ ನಿತ್ಯಹಸಿರಿನ ಕಾಡಿನ ತುಣುಕುಗಳ ಬಗ್ಗೆ 1868ರಲ್ಲೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಆಡಳಿತದ ಅಧಿಕಾರಿಗಳು ವರದಿ ಬರೆದಿದ್ದಾರೆ. ಕಾನಿನಲ್ಲಿ ಕಾಳುಮೆಣಸಿನ ಬಳ್ಳಿಯಿರುತ್ತದೆ, ಬೈನೆ ಮರವಿರುತ್ತದೆ, ಬೇಸಿಗೆಯಲ್ಲೂ ಬತ್ತದ ನೀರಿನ ಸೆಲೆಯಿರುತ್ತದೆ, ಅನೇಕ ಕಡೆ ಚೌಡಿಯದೋ ಭೂತಪ್ಪನದೋ ಒಂದು ಕಲ್ಲೂ ಇರುತ್ತದೆ. ಕಲ್ಲಿರುವ ಕಡೆ ನಿಯಮಗಳಿರುತ್ತವೆ. ಹಸಿಮರಕ್ಕೆ ಕತ್ತಿ ತಾಗಿಸಬಾರದು. ಬಿದ್ದ ಮರವಾದರೂ ಸೌದೆಗೆಂದು ಮನೆಗೆ ತರಬಾರದು. ಒಂದು ಗೆರೆಯಿಂದಾಚೆ ಚಪ್ಪಲಿ ಮೆಟ್ಟಬಾರದು. ಊರಿಂದ ಊರಿಗೆ ಇವು ಬದಲಾಗುತ್ತವೆ. ನಿಯಮವೇ ಇಲ್ಲದ ಚೌಡಿಬನವನ್ನು ಮಾತ್ರ ನಾನು ಕಂಡಿಲ್ಲ. ನನ್ನ ಅಮ್ಮಮ್ಮ ಹೇಳುತ್ತಿದ್ದ ಕಥೆಗಳಲ್ಲಿ ದೈವವು ಏನು ಬೇಕಾದರೂ ಮಾಡಬಲ್ಲದು ಎಂಬ ಮಾತು ಎಂದೂ ಬಂದಿರಲಿಲ್ಲ. ಅದರ ಗಡಿ ಯಾವ ಹಳ್ಳದವರೆಗೆ, ಯಾವ ಹರಕೆಗೆ ಅದು ಒಪ್ಪುತ್ತದೆ, ಯಾವ ತಪ್ಪಿಗೆ ಎಷ್ಟು ಮುನಿಯುತ್ತದೆ, ಮುನಿದ ಮೇಲೆ ಯಾರ ಮಾತಿಗೆ ತಣಿಯುತ್ತದೆ ಎಂಬುದಕ್ಕೆಲ್ಲ ಲೆಕ್ಕವಿತ್ತು. ಆ ಲೆಕ್ಕ ಇದ್ದುದರಿಂದಲೇ ಮಕ್ಕಳಾದ ನಾವು ಕಥೆಯ ಮಧ್ಯದಲ್ಲಿ ಹೆದರುತ್ತಿದ್ದೆವು, ಯಾಕೆಂದರೆ ಕಥೆಯೊಳಗಿನವನು ಗೆರೆ ದಾಟಿದ್ದು ಅವನಿಗಿಂತ ಮೊದಲು ನಮಗೆ ತಿಳಿದುಬಿಡುತ್ತಿತ್ತು.

ನನ್ನ ಮೊದಲ ಕಾದಂಬರಿಯ ಮಾಂತ್ರಿಕರು ಹುಟ್ಟಿದ್ದು ಅಲ್ಲಿಂದ. ಅವರು ಹರಿಯುವ ನೀರಿನ ದಿಕ್ಕನ್ನು ತಿರುಗಿಸಬಲ್ಲರು. ಆದರೆ ಪ್ರತಿ ಸಲ ತಿರುಗಿಸುವಾಗಲೂ ತಮ್ಮ ನೆನಪಿನಿಂದ ಒಂದು ಹೆಸರನ್ನು ನೀರಿಗೆ ಬಿಟ್ಟುಕೊಡಬೇಕು, ಬಿಟ್ಟ ಹೆಸರು ಮರಳಿ ಬರುವುದಿಲ್ಲ. ಮೊದಮೊದಲು ಅವರು ದೂರದ ನೆಂಟರ, ಸತ್ತ ದನಗಳ, ಮರೆತರೂ ನಡೆಯುವ ಊರುಗಳ ಹೆಸರುಗಳನ್ನು ಕೊಡುತ್ತಾರೆ. ಬರಬರುತ್ತಾ ಕೊಡುವುದಕ್ಕೆ ಹತ್ತಿರದವರ ಹೆಸರುಗಳಷ್ಟೇ ಉಳಿಯುತ್ತವೆ. ಈ ಒಂದು ಕಟ್ಟಳೆಯನ್ನು ಗಟ್ಟಿಯಾಗಿ ಹಿಡಿದುಕೊಂಡ ಮೇಲೆ ಘಟನೆಗಳನ್ನು ಹುಡುಕಿಕೊಂಡು ಹೋಗುವ ಅಗತ್ಯ ನನಗೆ ಬೀಳಲಿಲ್ಲ.

ಆ ಲೋಕದ ನಕ್ಷೆ ಬರೆಯುವಾಗಲೂ ನಾನು ದೂರ ಹೋಗಲಿಲ್ಲ. ನಮ್ಮ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಡುವಣದ ಹಾದಿ ಹಿಡಿದು, ಜೋಗದಲ್ಲಿ 253 ಮೀಟರ್ ಆಳಕ್ಕೆ ಧುಮುಕಿ, ಹೊನ್ನಾವರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತಾಳೆ. ಅದೇ ತಾಲೂಕಿನ ನಡುವೆ ಹರಿಯುವ ತುಂಗೆ ಶಿವಮೊಗ್ಗವನ್ನು ದಾಟಿ, ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಕೊನೆಗೆ ಕೃಷ್ಣೆಯ ನೀರಾಗಿ ಬಂಗಾಳಕೊಲ್ಲಿಗೆ ಹೋಗುತ್ತಾಳೆ. ಒಂದೇ ಮೋಡದಿಂದ ಒಂದೇ ಗುಡ್ಡದ ನೆತ್ತಿಯ ಮೇಲೆ ಬಿದ್ದ ಎರಡು ಹನಿಗಳು ಎರಡು ಬೇರೆ ಕಡಲುಗಳನ್ನು ಸೇರುವುದನ್ನು ದಿನವೂ ನೋಡುತ್ತ ಬೆಳೆದವರಿಗೆ, ಒಂದೇ ಮಳೆಯನ್ನು ಹಂಚಿಕೊಂಡು ಬದುಕಬೇಕಾದ ಎರಡು ರಾಜ್ಯಗಳ ಕಥೆ ಬರೆಯಲು ಬೇರೆ ಪ್ರೇರಣೆ ಬೇಕೆಂದು ನನಗೆ ಅನಿಸುವುದಿಲ್ಲ.

ಭಯಾನಕವಾದದ್ದನ್ನು ಓದುಗರ ಮುಂದೆ ತರುವ ಕ್ರಮವನ್ನು ಕಲಿಸಿದ್ದು ಯಕ್ಷಗಾನ. ರಾಕ್ಷಸನ ಬಣ್ಣದ ವೇಷ ನೇರವಾಗಿ ರಂಗಕ್ಕೆ ಬರುವುದಿಲ್ಲ. ಮೊದಲು ಚಂಡೆಯ ಪೆಟ್ಟು, ಆಮೇಲೆ ತೆರೆಯ ಹಿಂದಿನ ಆರ್ಭಟ, ತೆರೆಯ ಮೇಲೆ ಕಾಣುವ ಕಿರೀಟದ ತುದಿ, ಎಷ್ಟೋ ಹೊತ್ತಿನ ಮೇಲೆ ಮುಖ. ಯಾವ ಪ್ರಾಣಿಯನ್ನೂ ನಾನು ಮೊದಲ ಪುಟದಲ್ಲಿ ಪೂರ್ತಿ ವರ್ಣಿಸುವುದಿಲ್ಲ.

ಇಂಥ ಕಥೆಗಳು ಕನ್ನಡಕ್ಕೆ ಹೊರಗಿನಿಂದ ಬಂದವು, ನಮ್ಮ ಮಣ್ಣಿನವಲ್ಲ ಎಂದು ಕೆಲವರು ವಾದಿಸುತ್ತಾರೆ. ಈ ವಾದವನ್ನು ನಾನು ಒಪ್ಪಲಾರೆ. ಸೊರಬದ ಆಚೆ, ತೀರ ಸಮೀಪದಲ್ಲಿರುವ ಬನವಾಸಿಗೆ ಜಯಂತಿಪುರ ಎಂಬ ಹೆಸರೂ ಇತ್ತು. ಆ ಜಯಂತಿಪುರದ ರಾಜಕುಮಾರನೊಬ್ಬ ಕನಸಿನಲ್ಲಿ ಕಂಡವಳನ್ನು ಅರಸಿ ಹೊರಡುವ ಕಥೆಯನ್ನು 12ನೇ ಶತಮಾನದಲ್ಲೇ ನೇಮಿಚಂದ್ರ ಕನ್ನಡದಲ್ಲಿ ಕಾವ್ಯವಾಗಿ ಹೇಳಿದ್ದಾನೆ. ಕಪಿಗಳು ಕಡಲಿಗೆ ಸೇತುವೆ ಕಟ್ಟಿರಲಿ ಬಿಡಲಿ, ವಾಮನನ ಹೆಜ್ಜೆ ಮುಗಿಲನ್ನು ಮುಟ್ಟಿರಲಿ ಬಿಡಲಿ, ಕವಿಗಳಂತೂ ತಮ್ಮ ಕೃತಿಗಳಲ್ಲಿ ಕಟ್ಟಿಯೂ ಬಿಟ್ಟರು, ಮುಟ್ಟಿಯೂ ಬಿಟ್ಟರು ಎಂದು ಅವನು ಹೆಮ್ಮೆಯಿಂದ ಸಾರುವ ಪದ್ಯವೊಂದಿದೆ. ಎಂಟು ನೂರು ವರ್ಷಗಳಷ್ಟು ಹಳೆಯದಾದ ಆ ಧೈರ್ಯದ ಮುಂದೆ ನಾನು ತಲೆಬಾಗುತ್ತೇನೆ, ಅದರ ಬಲದಿಂದಲೇ ಬರೆಯುತ್ತೇನೆ ಕೂಡ. ಮಾಂತ್ರಿಕರಿಗೂ ಮೃಗಗಳಿಗೂ ನಮ್ಮ ಊರಿನ ಹೆಸರುಗಳನ್ನಷ್ಟೇ ಅಂಟಿಸಿ, ಹಿಮ ಬೀಳುವ ನಾಡಿನ ಕಥೆಯನ್ನು ಹಾಗೆಯೇ ಇಳಿಸಿಕೊಂಡಾಗ ಮಾತ್ರ ಹೊರಗಿನದೆಂಬ ದೂರಿಗೆ ಅರ್ಥ ಬರುತ್ತದೆ.

ನನ್ನ ಬರವಣಿಗೆ ಹೆಚ್ಚಾಗಿ ನಡೆಯುವುದು ಆರಿದ್ರಾ ಮಳೆಯಿಂದ ಆಶ್ಲೇಷಾ ಮಳೆಯವರೆಗೆ. ಆಗುಂಬೆಯ ಕಡೆಯಿಂದ ಮೋಡ ಇಳಿದು ಬಂದು ದಿನಗಟ್ಟಲೆ ಬಿಡದೆ ಸುರಿಯುವ ಆ ಕಾಲದಲ್ಲಿ ಕರೆಂಟು ಇರುವುದು ಅಪರೂಪವಾದ್ದರಿಂದ ಕರಡನ್ನು ಕೈಬರಹದಲ್ಲೇ ಬರೆಯುತ್ತೇನೆ. ಮಳೆ ಹೊಳವಾದರೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಆ ದಿನಗಳಲ್ಲಿ ಬರವಣಿಗೆ ಇಲ್ಲ. ಅಡಿಕೆ ಕೊಯ್ಲಿನ ತಿಂಗಳುಗಳಂತೂ ಕೇಳಿಸಿಕೊಳ್ಳುವುದಕ್ಕೆಂದೇ ಮೀಸಲು. ಸುಲಿಯುವ ಯಂತ್ರಗಳು ಬರುವ ಮೊದಲು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತವರು ಒಂದೇ ಕಥೆಯನ್ನು ರಾತ್ರಿಯಿಂದ ರಾತ್ರಿಗೆ ಮುಂದುವರಿಸುತ್ತಿದ್ದರು. ನಿನ್ನೆ ಬಾರದವರಿಗೆ ನಿನ್ನೆಯ ಕಥೆಯನ್ನು ಇನ್ನೊಬ್ಬರು ಹೇಳಿ, ಮತ್ತೊಬ್ಬರು ತಿದ್ದಿ, ಆಮೇಲೆ ಮುಂದಿನದು. ದೀರ್ಘವಾದ ಕಥೆಯನ್ನು ಕೇಳುವವರೂ ಸೇರಿಯೇ ಕಾಯುತ್ತಾರೆ ಎಂಬುದು ನನಗೆ ಅಲ್ಲಿಯೇ ತಿಳಿದದ್ದು.

ಹೊಸನಗರದ ಕಡೆಯ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ನನಗೆ ಬರೆದ ಪತ್ರದಲ್ಲಿ ನಾನು ಕಂಡದ್ದು ಅದೇ ಎಚ್ಚರವನ್ನು. ಮಾಂತ್ರಿಕರು ಯಾವ ಅಧ್ಯಾಯದಲ್ಲಿ ಯಾವ ಹೆಸರನ್ನು ಬಿಟ್ಟುಕೊಟ್ಟರು ಎಂಬುದನ್ನು ಅವಳು ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಳು. ಬಿಟ್ಟುಕೊಟ್ಟ ಹೆಸರನ್ನು ಅದೇ ಪಾತ್ರ ಮುಂದೆಂದಾದರೂ ಉಚ್ಚರಿಸುತ್ತದೆಯೇ ಎಂದು ಪುಟಪುಟವನ್ನೂ ಪರೀಕ್ಷಿಸಿದ್ದಳು. ಕೊನೆಯಲ್ಲಿ ಅವಳು ಕೇಳಿದ್ದು ಹೀಗಿತ್ತು: "ಮೇಡಂ, ಅವರು ತಮ್ಮ ಹೆಸರನ್ನೇ ಕೊಟ್ಟರೆ ಆಮೇಲೆ ಮಂತ್ರ ಹೇಳುವವರು ಯಾರು?" ಆ ಪತ್ರವನ್ನು ಓದಿ ನನಗಾದ ಸಂತೋಷವನ್ನು ಯಾವ ವಿಮರ್ಶೆಯೂ ತಂದಿರಲಿಲ್ಲ. ನಾನು ಹಾಕಿದ ಗೆರೆಯನ್ನು ಅವಳು ನನಗಿಂತ ಗಂಭೀರವಾಗಿ ನಂಬಿದ್ದಳು. ಎರಡನೆಯ ಕಾದಂಬರಿಯ ಅರ್ಧಭಾಗ ಅವಳ ಪ್ರಶ್ನೆಗೆ ಉತ್ತರವಾಗಿ ಬೆಳೆಯಿತು.

ಆ ಎರಡನೆಯ ಕಾದಂಬರಿಯಲ್ಲಿ ನೀರಿನಡಿ ಮುಳುಗಿದ ಊರೊಂದು ಬರುತ್ತದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡು ಎಷ್ಟೋ ಊರುಗಳು ಮುಳುಗಿದವು. ಅದಕ್ಕಿಂತ ಹಳೆಯದಾದ ಮಡೆನೂರು ಅಣೆಕಟ್ಟೆ ಕೂಡ ಹೊಸ ಅಣೆಕಟ್ಟೆಯ ನೀರಿನೊಳಗೆ ಹೋಗಿ, ಹಿನ್ನೀರು ತೀರ ಇಳಿದ ಬೇಸಿಗೆಯಲ್ಲಿ ಮಾತ್ರ ಹೊರಗೆ ಕಾಣಿಸುತ್ತದೆ. ಮುಳುಗಿದ ಊರುಗಳಿಂದ ಎದ್ದು ಬಂದು ಜಿಲ್ಲೆಯ ಬೇರೆ ಬೇರೆ ಕಾಡುಗಳ ಅಂಚಿನಲ್ಲಿ ನೆಲೆಸಿದ ಕುಟುಂಬಗಳಲ್ಲಿ ಅನೇಕರು ಭೂಮಿಯ ಹಕ್ಕಿಗಾಗಿ ಇನ್ನೂ ಹೋರಾಡುತ್ತಿದ್ದಾರೆ. ಸಾಗರದಲ್ಲಿ ನಡೆದ ಒಂದು ಓದಿನ ಕೂಟದಲ್ಲಿ ಅಂಥ ಕುಟುಂಬದ ಹಿರಿಯರೊಬ್ಬರು ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಕುಳಿತರು. "ಅಮ್ಮಾ, ಚೆನ್ನಾಗಿ ಬರ್ದೀರಿ. ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀರು ಬಂದಾಗ ಜನ ಎದ್ದು ಬಂದ್ರು. ಚೌಡಿ ಎಲ್ಲಿಗೆ ಬರ್ಬೇಕಿತ್ತು?" ಎಂದರು.

ಅವರ ಮನೆಯವರು ಚೌಡಿಯ ಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿ, ಸಾಮಾನಿನ ಜೊತೆ ಲಾರಿಯಲ್ಲಿ ತಂದಿದ್ದರಂತೆ. ಆದರೆ ಅವಳು ಕಲ್ಲಿನ ಜೊತೆ ಬಂದಳೋ, ತನ್ನ ಗಡಿಯನ್ನು ದಾಟಲಾರದೆ ನೀರಿನೊಳಗಿನ ಕಟ್ಟೆಯಲ್ಲೇ ಉಳಿದಳೋ ಎಂಬುದು ಆ ಮನೆಯಲ್ಲಿ ಈವರೆಗೂ ತೀರ್ಮಾನವಾಗಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ಹೊಸ ಬನದಲ್ಲೊಂದು, ಹಿನ್ನೀರಿನ ದಂಡೆಯಲ್ಲೊಂದು, ಹೀಗೆ ಎರಡೂ ಕಡೆ ಹಣ್ಣುಕಾಯಿ ಮಾಡಿಸುತ್ತಾರೆ. ಅವರು ಹೇಳುತ್ತಿದ್ದುದು ಕಥೆಯನ್ನಲ್ಲ, ತಮ್ಮ ಮನೆಯ ಬದುಕನ್ನು. ನಾನು ಕಲ್ಪಿಸಿಕೊಂಡು ಬರೆದ ನೋವನ್ನು ಅವರು ಪ್ರತಿ ವರ್ಷ ನಿಷ್ಠೆಯಿಂದ ನಡೆಸಿಕೊಂಡು ಬರುತ್ತಿದ್ದರು. ಓದುಗರ ಒಡನಾಟವೆಂದರೆ ಮೆಚ್ಚುಗೆಯ ಮಾತು, ಪುಸ್ತಕದ ಮೇಲೆ ಹಾಕುವ ಸಹಿ ಎಂದು ತಿಳಿಯುವವರಿಗೆ ಆ ಸಂಜೆಯನ್ನು ಹೇಗೆ ವಿವರಿಸಬೇಕೋ ನನಗೆ ತಿಳಿಯದು.

ಇದನ್ನು ಬರೆಯಬಹುದೇ ಎಂದು ಕೇಳಿದೆ. ಕೇಳದೆ ಬರೆಯುವುದು ಕಾನಿನೊಳಗೆ ಚಪ್ಪಲಿ ಮೆಟ್ಟಿ ನಡೆದಂತೆ ಎಂದೇ ನಾನು ಭಾವಿಸಿದ್ದೇನೆ. ಹಿಂದೆ ಬೇರೆ ಊರಿನವರು ಬೇಡವೆಂದ ಕಥೆಗಳನ್ನು ನಾನು ಎಲ್ಲಿಯೂ ಬಳಸಿಲ್ಲ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಬರೀರಿ. ಆದ್ರೆ ಅವಳ ಹೆಸ್ರು ಹಾಕ್ಬೇಡಿ" ಎಂದರು. ಆ ಚೌಡಿಗೆ ಮನೆತನದವರು ಮಾತ್ರ ಕರೆಯುವ ಹೆಸರೊಂದಿದೆ. ಅದನ್ನು ಅವರು ನನಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವರು ಹಾಕಿದ ಆ ಗೆರೆಯಿಂದಲೇ ಮೂರನೆಯ ಕಾದಂಬರಿಗೆ ದಾರಿ ಸಿಕ್ಕಿತು. ಹೆಸರುಗಳನ್ನು ಕೊಟ್ಟು ನೀರನ್ನು ತಿರುಗಿಸುವ ಲೋಕದಲ್ಲಿ, ಯಾರೂ ಹೊರಗೆ ಉಚ್ಚರಿಸದ ಹೆಸರುಳ್ಳ ದೇವಿಯನ್ನು ಯಾವ ಮಾಂತ್ರಿಕನೂ ನೀರಿಗೆ ಬಿಟ್ಟುಕೊಡಲಾರ. ಆದ್ದರಿಂದ ಅವಳ ಗಡಿಯೊಳಗಿನ ಹೊಳೆಯನ್ನು ತಿರುಗಿಸಲು ಯಾವ ರಾಜ್ಯಕ್ಕೂ ಸಾಧ್ಯವಿಲ್ಲ. ಎರಡು ರಾಜ್ಯಗಳ ಜಗಳ ಬಂದು ನಿಲ್ಲುವುದು ಅವಳ ಬನದ ಮುಂದೆ. ಈ ಮಳೆಗಾಲದಲ್ಲಿ ನಾನು ಬರೆಯುತ್ತಿರುವುದು ಆ ಅಧ್ಯಾಯವನ್ನೇ. ಕರಡು ಮುಗಿದ ಮೇಲೆ ಒಂದು ಪ್ರತಿ ಹೊಸನಗರದ ಆ ಹುಡುಗಿಗೆ, ಒಂದು ಪ್ರತಿ ಸಾಗರಕ್ಕೆ. ಅಲ್ಲಿಯ ಹಿರಿಯರಿಗೆ ಈಗ ಸಣ್ಣ ಅಕ್ಷರ ಕಾಣಿಸದಾದ್ದರಿಂದ ಅವರ ಮೊಮ್ಮಗಳು ಓದಿ ಹೇಳುವುದಾಗಿ ಒಪ್ಪಿದ್ದಾಳೆ, ಅವರು ಬೇಡವೆಂದ ಭಾಗವನ್ನು ತೆಗೆಯುವುದಾಗಿ ನಾನೂ ಒಪ್ಪಿದ್ದೇನೆ.